ಜಲಜತ್ತಿಗೆಯ ಕಿವಿಯೊಳಗಿನ ಕೂಗು

ನನ್ನ ಮಗಳು ಚಂದನಾಳ ಮೊದಲ ಉಣ್ಣೆ ಟೊಪ್ಪಿ ಅವಳ ತಲೆಯ ಮೇಲೆ ಇದ್ದದ್ದಕ್ಕಿಂತ ಹೆಚ್ಚು ದಿನ ಒಂದು ಮೈಕಿನ ಮೇಲೆ ಇತ್ತು. ಬಾಣಂತನದಲ್ಲಿ ತೆಕ್ಕಟ್ಟೆಯ ನನ್ನ ಅಮ್ಮ ಹೆಣೆದುಕೊಟ್ಟ ಹಳದಿ ಟೊಪ್ಪಿ. ಮಗುವನ್ನು ಎತ್ತಿಕೊಂಡು ಕಿರಿಮಂಜೇಶ್ವರದ ಗಂಡನ ಮನೆಗೆ ಬಂದ ವಾರದಲ್ಲೇ ಅದು ಕಾಣೆಯಾಯಿತು. ಟ್ರಂಕು, ತೊಟ್ಟಿಲು, ಬಚ್ಚಲಿನ ಮೂಲೆ ಎಲ್ಲ ಹುಡುಕಿ ಸೋತೆ. ಕಡೆಗೆ ಸಿಕ್ಕಿದ್ದು ಕಡಲ ದಂಡೆಯಲ್ಲಿ. ನನ್ನ ಗಂಡನ ಅಕ್ಕ ಜಲಜತ್ತಿಗೆ ಮಗುಚಿ ಹಾಕಿದ ದೋಣಿಯ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಕೋಲಿನ ತುದಿಗೆ ಕಟ್ಟಿದ ಮೈಕನ್ನು ಅಲೆಗಳ ಕಡೆ ಹಿಡಿದಿದ್ದಳು. ಮೈಕಿನ ತಲೆಗೆ ಹಳದಿ ಟೊಪ್ಪಿ.

"ಅತ್ತಿಗೇ, ಅದು ಕೂಸಿಂದು!" ಎಂದೆ.

ಅವಳು ಬೆರಳು ತುಟಿಗೆ ಇಟ್ಟಳು. ಟೇಪು ಮುಗಿದು ಗುಂಡಿ ಟಕ್ಕೆಂದ ಮೇಲೆ ಹೇಳಿದಳು: "ಗಾಳಿ ಬಡ್ದ್ರೆ ಮೈಕ್ ಬರೀ ಭರ್‌ಭರ್ ಹೇಳ್ತ್ ಮಾರಾಯ್ತಿ. ಟೊಪ್ಪಿ ಹಾಕಿದ್ ಮೇಲೆ ಕಾಣ್, ಅಲೆ ಒಡುದ್ ಬೇರೆ, ವಾಪಸ್ ಹೋಪುದ್ ಬೇರೆ ಕೇಂತ್. ಕೂಸಿಗೆ ಇನ್ನೊಂದ್ ಹೆಣಿಲಕ್."

ಇನ್ನೊಂದು ಹೆಣೆದೆ. ಏನು ಮಾಡುವುದು, ಮಗುವಿಗೆ ಶೀತ ಆಗಬಾರದು, ಅತ್ತಿಗೆಗೆ ಬೇಜಾರೂ ಆಗಬಾರದು. ನಾನು ದಿನಾ ಮಗು ಮಲಗಿದ ಮೇಲೆ ಡೈರಿಯಲ್ಲಿ ನಾಲ್ಕು ಸಾಲು ಬರೆಯುವವಳು. ಆವತ್ತಿನಿಂದ ಅದರಲ್ಲಿ ಮಗುವಿನ ಹಲ್ಲು, ಮಗುವಿನ ಜ್ವರದ ಪಕ್ಕದಲ್ಲಿ ಜಲಜತ್ತಿಗೆಯೂ ಬರತೊಡಗಿದಳು.

ಅವಳ ಕೈಗೆ ಈ ರೆಕಾರ್ಡರು ಬಂದದ್ದು ತೊಂಬತ್ತೆಂಟರಲ್ಲಿ, ನನ್ನ ಮದುವೆಗೆ ಮೊದಲೇ. ಅವಳ ಗಂಡ ಕಿಟ್ಟಣ್ಣ ಮುಂಬೈಯಲ್ಲಿ ಕ್ಯಾಂಟೀನ್ ಕೆಲಸದವರು, ಹಾಗಾಗಿ ಅವಳು ತವರಲ್ಲೇ ಇದ್ದಳು. ಓದು ಬರಹ ಇಬ್ಬರಿಗೂ ಅಷ್ಟಕ್ಕಷ್ಟೇ. ಕಾಗದ ಬರೆಸಲು ಇನ್ನೊಬ್ಬರ ಜಗಲಿ ಹತ್ತುವುದು ಬೇಡ, ಮಾತಾಡಿ ಟೇಪು ಕಳಿಸು ಎಂದು ಧ್ವನಿ ಹಿಡಿಯುವ ವಾಕ್‌ಮನ್ನನ್ನು ಮೈಕು, ಹೆಡ್‌ಫೋನ್ ಸಮೇತ ತಂದುಕೊಟ್ಟರು. ಅತ್ತಿಗೆ ಒಂದು ಟೇಪು ಕಳಿಸಿದಳು. ಅದನ್ನು ಕೇಳಿ ಅವರು ಅಂಗಡಿಯ ಫೋನಿಗೆ ಕರೆ ಮಾಡಿದರಂತೆ.

"ಅಲ್ಲ ಮಾರಾಯ್ತಿ, ಟೇಪಂಗೆ ಬರೀ ಕಾಕಿ ಕೂಗ್ತ್. ನೀ ಎಲ್ಲಿ?"

"ನಾ ಕಾಕಿ ಹಿಂದೆ ಇದ್ದೆ. ಸಮಾ ಕೇಣಿ."

ಗಂಡನಿಗೆ ಕಳಿಸಿದ ಟೇಪು ಅದೊಂದೇ. ಮತ್ತೆಲ್ಲ ಅವಳಿಗೇ ಬೇಕಾಯಿತು. ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ಬಿಜೂರಿನ ಮನೆಮನೆಗೆ ಹೋಗಿ ಮಾರಿ, ಮಧ್ಯಾಹ್ನ ಬಂದು ಮಿಂದು ಉಂಡು, ಉಳಿದವರು ಅಡ್ಡಾಗುವ ಹೊತ್ತಿಗೆ ಇವಳು ರೆಕಾರ್ಡರು ಹಿಡಿದು ಹೊರಡುವಳು. ಅದರ ಸೇವೆ ನೋಡಿದರೆ ಕೈಕೂಸಿನ ಸೇವೆ ನೆನಪಾಗುತ್ತಿತ್ತು. ಉಪ್ಪುಗಾಳಿ ತಾಗಬಾರದೆಂದು ಹಳೇ ಕೊಡೆಯ ಬಟ್ಟೆಯಲ್ಲಿ ಚೀಲ. ಟೇಪು ಉಜ್ಜುವ ಜಾಗ ಒರೆಸಲು ಹತ್ತಿ, ಸ್ಪಿರಿಟ್ಟು. ಸೆಲ್ ಉಳಿಯಲಿ ಎಂದು ಟೇಪನ್ನು ಪೆನ್ಸಿಲಿಗೆ ಸಿಕ್ಕಿಸಿ ಗಿರಗಿರ ತಿರುಗಿಸಿಯೇ ಹಿಂದಕ್ಕೆ ಸುತ್ತುವುದು. ರೆಕಾರ್ಡು ಮಾಡುವ ಮೊದಲು ಬಳೆ ತೆಗೆದು ಸೆರಗಿನ ತುದಿಗೆ ಕಟ್ಟುವಳು. ಹೆಡ್‌ಫೋನಿನ ಸ್ಪಂಜು ಹರಿದಾಗ ಚಂದನಾಳ ಹಳೇ ಅಂಗಿಯಿಂದ ನಾನೇ ಎರಡು ಗವುಸು ಹೊಲಿದುಕೊಟ್ಟೆ. ಒಂದರ ಮೇಲೆ ಬಾತುಕೋಳಿ, ಇನ್ನೊಂದರ ಮೇಲೆ ಅರ್ಧ ಬಾತುಕೋಳಿ.

ಊರಿನವರು ಬಿಡುತ್ತಾರೆಯೇ. ಬಲೆಯ ಹಗ್ಗ ಎಳೆಯಲು ಬರುವ ಗುಡ್ಡ ಎಂಬವನು ದಾರಿಯಲ್ಲಿ ಕಂಡರೆ ಸಾಕು: "ಹ್ವಾಯ್ ಜಲಜಕ್ಕಾ, ಸಮುದ್ರ ಇವತ್ತ್ ಎಂತ ಹೇಳ್ತ್?"

"ಗುಡ್ಡನ್ ಸಾಲ ತೀರ್ಸುಕೆ ಹೇಳ್ ಅಂತ್," ಎಂದು ಅತ್ತಿಗೆ ಮೆಲ್ಲಗೆ ಹೇಳಿ ಮುಂದೆ ಹೋಗುವಳು. ಅವಳ ಮಾತು ಯಾವಾಗಲೂ ಮೆಲ್ಲಗೆ. ಮೀನು ಮಾರುವಾಗಲೂ ಬೀದಿಯಲ್ಲಿ ಕೂಗಿದವಳಲ್ಲ. ಬಾಗಿಲ ತನಕ ಹೋಗಿ "ಅಮ್ಮಾ, ಬಂಗಡೆ ಬೇಕಾ" ಎಂದು ಕೇಳುವವಳು. ಈ ಮಾತು ನೆನಪಿರಲಿ.

ಅವಳು ಏನೇನೋ ಹಿಡಿದಿದ್ದಳು. ಒಣಮೀನಿನ ಮೇಲೆ ಮೊದಲ ಮಳೆಹನಿ ಬಿದ್ದಾಗ ಹೆಂಗಸರು ಓಡುವ ಸದ್ದು, ಮೀನಿನ ಹರಾಜಿನ ಗಲಾಟೆ, ನನ್ನ ಮಗು ತೊಟ್ಟಿಲಲ್ಲಿ ಒಬ್ಬಳೇ ಮಾತಾಡಿಕೊಳ್ಳುವುದು. ಆದರೆ ಅವಳ ಪ್ರಾಣ ಇದ್ದದ್ದು ಒಂದರಲ್ಲೇ. ಅವಳ ಅಪ್ಪಯ್ಯನ ಕೂಗಿನಲ್ಲಿ.

ನನ್ನ ಮಾವ ಕರಿಯಣ್ಣ ನಮ್ಮ ದಂಡೆಯ ಕೈರಂಪಣಿ ಬಲೆಯ ಕೂಗುಗಾರರು. ಕೈರಂಪಣಿಗೆ ಮಿಷನ್ನು ಇಲ್ಲ. ದೋಣಿ ಹೋಗಿ ಬಲೆಯನ್ನು ಸಮುದ್ರದಲ್ಲಿ ಬಿಲ್ಲಿನಂತೆ ಬಿಟ್ಟು ಬರುತ್ತದೆ. ಅದರ ಎರಡು ಹಗ್ಗ ದಂಡೆಗೆ ಬರುತ್ತವೆ, ತೆಂಕಿಗೆ ಒಂದು, ಬಡಗಿಗೆ ಒಂದು. ಎರಡೂ ಕಡೆ ಗಂಡಸರು ಹೆಂಗಸರು ಸಾಲಾಗಿ ನಿಂತು ಎಳೆಯಬೇಕು. ಎರಡೂ ಸಮ ಬರಬೇಕು. ಒಂದು ಮುಂದಾಯಿತೋ, ಬಲೆ ತಿರುಚಿ ಅಡಿ ಎದ್ದು ಮೀನೆಲ್ಲ ಕೆಳಗಿನಿಂದ ನುಸುಳಿ ಹೋಗುತ್ತದೆ. ಅದಕ್ಕೇ ಕೂಗು. ಮಾವ ನಡುವೆ ನಿಂತು ಕೂಗಿನ ಅರ್ಧ ಸಾಲು ಎಸೆಯುವುದು, ಎಲ್ಲರೂ "ಹೋಯ್ಲೇ" ಎಂದು ಒಟ್ಟಿಗೆ ಜಗ್ಗುವುದು. ಸಾಲುಗಳೆಲ್ಲ ಆವತ್ತಿಗೆ ಅಲ್ಲೇ ಹುಟ್ಟಿದವು, ಹೆಚ್ಚಿನವು ಹಗ್ಗ ಹಿಡಿದವರ ಗೇಲಿ. ಬೈಸಿಕೊಂಡವರಿಗೆ ಸಿಟ್ಟು ಬಂದು ಇನ್ನಷ್ಟು ಎಳೆಯುತ್ತಾರೆ.

ಮಾವನದೊಂದು ಕಟ್ಟುನಿಟ್ಟು. ಬಲೆ ನೀರಿನಲ್ಲಿ ಇಲ್ಲದಾಗ ಕೂಗು ಹಾಕಬಾರದು. ಸುಮ್ಮನೆ ಕೂಗಿದರೆ ಸಮುದ್ರವನ್ನು ಸುಳ್ಳು ಕರೆದಂತೆ. ಆಮೇಲೆ ನಿಜಕ್ಕೆ ಕರೆದರೂ ಅದು ಓಗೊಡುವುದಿಲ್ಲ. ಮಕ್ಕಳು ಆಟಕ್ಕೆ "ಹೋಯ್ಲೇ" ಎಂದರೂ ಅವರಿಗೆ ಆಗದು. ಹಾಗಾಗಿ ಅತ್ತಿಗೆ ಮೊದಲ ಸಲ ದಂಡೆಯಲ್ಲಿ ಹಿಡಿದ ಕೂಗನ್ನು ಮನೆಗೆ ತಂದು ಕೇಳಲು ಕೂತಾಗ ಮಾವ ಎದ್ದು ನಿಂತರಂತೆ.

"ಬಲೆ ನೀರಂಗಿಲ್ಲೆ. ಬಂದ್ ಮಾಡ್."

ಅತ್ತಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡಳು. ಟೇಪು ತಿರುಗುತ್ತಿತ್ತು, ಮನೆಯಲ್ಲಿ ಸದ್ದಿಲ್ಲ. ಮಾವ ಬಾಗಿ ಅವಳ ಕಿವಿಯ ಹತ್ತಿರ ಕಿವಿ ತಂದರು, ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

"ಕೆಮಿ ಒಳ್ಗ್ ಇದ್ರೆ ಅಡ್ಡಿಲ್ಲೆ. ಸಮುದ್ರಕ್ಕೆ ಕೇಂತಿಲ್ಲೆ ಅಲ್ದಾ."

ಹೀಗೆ ಮಂಜೂರಾಯಿತು. ಆ ಮೇಲೆ ಐದು ವರ್ಷ ಅತ್ತಿಗೆ ಆ ಕೂಗನ್ನು ಕಿವಿಯೊಳಗೇ ಕೇಳಿದಳು. ಮೀನು ಹೆಚ್ಚುವಾಗ, ಬಲೆ ಹೊಲಿಯುವಾಗ, ಚಂದನಾಳನ್ನು ಕಾಲ ಮೇಲೆ ಮಲಗಿಸಿ ತೂಗುವಾಗ. ಮಗುವಿಗೆ ಬೇರೆ ಜೋಗುಳ ಏಕೆ, ಅತ್ತಿಗೆಯ ಕಾಲು ಕೂಗಿನ ತಾಳಕ್ಕೇ ತೂಗುತ್ತಿತ್ತು, ಮಗುವಿಗೆ ಗಡದ್ದು ನಿದ್ದೆ. ಅವಳ ತುಟಿ ಆಡುವುದು ಕಾಣುತ್ತಿತ್ತು, ಧ್ವನಿ ಒಮ್ಮೆಯೂ ಹೊರಬರಲಿಲ್ಲ. ಒಂದು ದಿನ ಬಾತುಕೋಳಿಯ ಗವುಸನ್ನು ನನ್ನ ಕಿವಿಗೂ ಇಟ್ಟಳು. "ಕಣ್ಣ್ ಮುಚ್ಚ್. ಬಲದ್ ಕೆಮಿಯಂಗೆ ಬಡಗಿನ್ ಹಗ್ಗ, ಎಡದಂಗೆ ತೆಂಕಿಂದ್. ಕಾಣ್, ಈಗ ಬಡಗ್ ಮುಂದಾಯ್ತ್. ಅಪ್ಪಯ್ಯ ಈಗ ಅವ್ರಿಗೆ ಬೈತ್ರ್." ಅವಳು ಹೇಳಿ ಮುಗಿಸುವ ಮೊದಲೇ ಕಿವಿಯೊಳಗೆ ಮಾವ ಬಡಗಿನವರಿಗೆ ಬೈದರು. ಅದೇ ಟೇಪಿನ ದೂರದಲ್ಲಿ ಒಂದು ಮಗು ಅಳುತ್ತಿತ್ತು. ನನ್ನದೇ ಮಗು. ಹಿಂದಿನ ವರ್ಷ ಎಳೆಯುವವರಿಗೆ ಚಾ ತಂದಿದ್ದಾಗ ಹಸಿವಿಗೆ ಅತ್ತದ್ದು.

"ಅಳು ಇದೆಯಲ್ಲ, ಹಾಳಾಯಿತಲ್ಲ ಅತ್ತಿಗೆ," ಎಂದೆ.

"ಹಾಳಾಪುದ್ ಎಂತ? ಅವ್ಳೂ ಇದ್ಳಲ್ಲೆ ಅಲ್ಲಿ."

ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲದಲ್ಲಿ ಮಾವನ ಗಂಟಲು ಕಟ್ಟಿತು. ಮೊದಲು ಶೀತ ಎಂದುಕೊಂಡೆವು, ಕಾಳುಮೆಣಸಿನ ಕಷಾಯ ಕೊಟ್ಟೆ. ಕುಂದಾಪುರದ ಡಾಕ್ಟರು ನೋಡಿ, ಗಂಟಲೊಳಗೆ ಗಂಟು ಕಟ್ಟಿದೆ, ಹೆದರುವಂಥದ್ದಲ್ಲ, ಆದರೆ ಇನ್ನು ಮೇಲೆ ಕೂಗಬೇಡಿ, ಕೂಗಿದರೆ ಮಾತೂ ಹೋದೀತು ಎಂದರು. ಮಾವ ಮನೆಗೆ ಬಂದು ಕುತ್ತಿಗೆಗೆ ಹೆಗಲ ಬಟ್ಟೆ ಬೈರಾಸು ಸುತ್ತಿ ಕೂತರು.

ಮಳೆ ಕಳೆದು ಸಮುದ್ರದ ಅಬ್ಬರ ಇಳಿದ ಮೇಲೆ ಬಲೆಯ ಪಾಲುದಾರರೆಲ್ಲ ಭಜನಾ ಮಂದಿರದ ಎದುರು ಸೇರಿದರು. ಹರೆಯದವರು ಬಹಳ ಮಂದಿ ಮಿಷನ್ ಬೋಟಿಗೆ ಹೋಗಿದ್ದರು. ಅಲ್ಲಿ ಕೂಗಿನ ಕೆಲಸವನ್ನು ಹಗ್ಗ ಸುತ್ತುವ ಚಕ್ರ ಮಾಡುತ್ತದೆ. ಹಾಗಾಗಿ ಇಲ್ಲಿ ಕೂಗು ಕಲಿತವರೇ ಇಲ್ಲ. ಹಿರಿಯ ಪಾಲುದಾರ ಮುತ್ತಣ್ಣ ತಾನೇ ಕೂಗುತ್ತೇನೆ ಎಂದು ಒಂದು ದಿನ ನಿಂತರು. ಅವರು ಕೂಗುವಾಗ ಅರ್ಧ ಜನ ಎಳೆದರು, ಅವರು ಉಸಿರು ತೆಗೆದುಕೊಳ್ಳುವಾಗ ಇನ್ನರ್ಧ ಜನ ಎಳೆದರು. ಕಡೆಗೆ ತೆಂಕಿನ ಸಾಲಿನವರೆಲ್ಲ ಒಬ್ಬರ ಮೇಲೊಬ್ಬರು ದಂಡೆಯ ಹೊಯಿಗೆ ಮರಳಲ್ಲಿ ಕೂತರು. ಬಲೆಯಲ್ಲಿ ಬಂದದ್ದು ಒಂದು ಆಮೆ, ಒಂದು ಚಪ್ಪಲಿ. ಆಮೆಯನ್ನು ಬಿಟ್ಟರು, ಚಪ್ಪಲಿಯನ್ನು ಗುಡ್ಡ ಮುತ್ತಣ್ಣನಿಗೆ ಒಪ್ಪಿಸಿದ.

ಮುತ್ತಣ್ಣ ಆ ಸಂಜೆಯೇ ತೀರ್ಮಾನ ಹೇಳಿದರು. "ಇನ್ನೊಂದ್ ಸಲ ಕಾಂಬ. ಆಯ್ತಿಲ್ಲೆ ಅಂದ್ರೆ ಬಲೆ ತೆಂಕಿನ್ ಊರಿನವ್ರಿಗೆ ಮಾರಿ ಬಿಡುವ. ಕೂಗಿಲ್ದಿದ್ ಬಲೆ ಮನೆಯಂಗೆ ಇಟ್ಟ್ ಎಂತ ಮಾಡುದ್, ಇಲಿ ಸಾಕುದಾ?"

ಮಾವ ಮನೆಗೆ ಬಂದು ಅನ್ನದ ಮುಂದೆ ಕೂತು, ತುತ್ತು ಕಲಸಿ ಕಲಸಿ ಹಾಗೇ ಬಿಟ್ಟರು. ಚಂದನಾ ಅವರ ತಟ್ಟೆಯಿಂದ ಮೀನಿನ ತುಂಡು ಎತ್ತಿ ತಿಂದಳು, ಅದೂ ಕಾಣಲಿಲ್ಲ ಅವರಿಗೆ. ಬಲೆ ಹೋದರೆ ಈ ಮನುಷ್ಯ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು ಎಂದು ನಾನು ಪಾತ್ರೆ ತೊಳೆಯುತ್ತಾ ಯೋಚಿಸಿದೆ. ಅತ್ತಿಗೆ ಯೋಚನೆ ಮುಗಿಸಿಯೇ ಬಂದಿದ್ದಳು.

"ಅಪ್ಪಯ್ಯ, ನಿಮ್ ಕೂಗ್ ನನ್ ಹತ್ರ ಇತ್ತ್. ಮೈಕಂಗೆ ಹಾಕುವ. ಬಲೆ ನೀರಂಗೆ ಇರತ್ತಲೆ, ತಪ್ಪಿಲ್ಲೆ."

ಮಾವ ಅವಳ ಮುಖ ನೋಡಿದರು. ಆಮೇಲೆ ಉಂಡರು.

ಭಜನಾ ಮಂದಿರದ ಮೈಕ್ ಸೆಟ್ಟು ನೋಡಿಕೊಳ್ಳುವವನು ಉಲ್ಲಾಸ್. ಅವನು ಕಾರಿನ ಬ್ಯಾಟರಿ, ಕಹಳೆ ಸ್ಪೀಕರು ತಂದು ದಂಡೆಯಲ್ಲಿ ಕಟ್ಟಿಕೊಡುತ್ತೇನೆಂದು ಒಪ್ಪಿದ. ಹೆಡ್‌ಫೋನಿನ ತೂತಿನಿಂದ ವೈರು ಎಳೆದರೆ ಸಾಕು. ಅತ್ತಿಗೆ ಸೋಮವಾರ ಕುಂದಾಪುರಕ್ಕೆ ಹೋಗಿ ಹೊಸ ಸೆಲ್ ತರುವುದೆಂದು ಇತ್ತು. ಆದರೆ ಮೀನು ಸೋಮವಾರದ ದಾರಿ ಕಾಯುತ್ತದೆಯೇ. ಭಾನುವಾರ ಬೆಳಿಗ್ಗೆಯೇ ನೀರು ಕಪ್ಪಾಗಿ ಕದಡಿತು, ಬಂಗಡೆಯ ಹಿಂಡು ದಂಡೆಯ ಹತ್ತಿರ ಬಂದಿತ್ತು. ದೋಣಿ ಇಳಿಸಿಯೇ ಬಿಟ್ಟರು.

ಹಳೇ ಸೆಲ್ ಬಿಸಿಲಿಗೆ ಇಟ್ಟರೆ ಜೀವ ಬರುತ್ತದೆ ಎಂಬುದು ನಮ್ಮ ಕಡೆ ಎಲ್ಲ ಮನೆಯ ವಿದ್ಯೆ. ಟಾರ್ಚಿನದು, ರೇಡಿಯೋದ್ದು, ಎಲ್ಲ ಒಣಮೀನಿನ ಚಾಪೆಯ ಅಂಚಿನಲ್ಲೇ ಒಣಗುವುದು. ಅತ್ತಿಗೆಯೂ ಎರಡು ದಿನದಿಂದ ತನ್ನ ಸೆಲ್‌ಗಳನ್ನು ಒಣಗಿಸಿದ್ದಳು. ಅವನ್ನೇ ಹಾಕಿ, ಮೂಸಿ ನೋಡಿ, "ಮೀನ್ ವಾಸ್ನೆ ಬತ್ತ್, ಶಕ್ತಿ ಬಂದಿತ್ತ್," ಎಂದು ನಕ್ಕು ಹೊರಟಳು. ನಾನು ಚಂದನಾಳನ್ನು ಸೊಂಟಕ್ಕೇರಿಸಿ ಹಿಂದೆ ಹೋದೆ.

ಊರಿಗೆ ಊರೇ ದಂಡೆಯಲ್ಲಿ. ಎರಡೂ ಹಗ್ಗ ಬಂದವು, ಸಾಲು ನಿಂತಿತು. ಅತ್ತಿಗೆ ಗುಂಡಿ ಒತ್ತಿದಳು. ಕಹಳೆಯಿಂದ ಮಾವನ ಧ್ವನಿ, ಐದು ವರ್ಷ ಹಿಂದಿನದು, ಗಂಟೆಯಂಥದ್ದು, ಸಮುದ್ರದ ಮೇಲೆ ಹೊರಟಿತು. ಮಾವ ಬೈರಾಸನ್ನು ಬಾಯಿಗೆ ಒತ್ತಿಕೊಂಡರು. "ಹೋಯ್ಲೇ!" ಎಂದಿತು ದಂಡೆ. ಹಗ್ಗ ಬಿಗಿಯಿತು. ಇನ್ನೊಮ್ಮೆ. ಮತ್ತೊಮ್ಮೆ. ಬಲೆಯನ್ನು ತೇಲಿಸುವ ಬೆಂಡುಗಳು ಸಾಲಾಗಿ ಹತ್ತಿರ ಬರತೊಡಗಿದವು. ಅತ್ತಿಗೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು.

ಅಷ್ಟರಲ್ಲಿ ಟೇಪಿನ ಮಾವ ಹೇಳಿದರು: "ಗುಡ್ಡಂಗೆ ಹೆಣ್ಣ್ ಕೊಡುವರಿಲ್ಲೆ!"

"ಹೋಯ್ಲೇ!" ಎಂದು ಎಳೆದವರು ಎಳೆದು ಮುಗಿಸುವಾಗ ನಗೆ ಒಡೆಯಿತು. ಗುಡ್ಡ ಬಡಗಿನ ಸಾಲಿನಿಂದಲೇ ಅರಚಿದ: "ಹ್ವಾಯ್, ಎರಡ್ ಮಕ್ಳ್ ಆಯ್ತ್ ಮಾರಾಯ್ರೆ! ಹೆಂಡ್ತಿ ತೆಂಕಿನ್ ಹಗ್ಗದಂಗೆ ಇದ್ಳ್, ಕೇಂಡ್ರೆ ಇವತ್ತ್ ಅನ್ನ ಇಲ್ಲೆ!"

ಅವನ ಹೆಂಡತಿ ಅಲ್ಲಿಂದ, "ನಾಳೆಯೂ ಇಲ್ಲೆ!" ಎಂದಳು.

ನಗುವವರ ಕೈಯಲ್ಲಿ ಹಗ್ಗ ಸಡಿಲಾಯಿತು. ಬಡಗಿನವರು ನಗುತ್ತಾ ನಿಂತರು, ತೆಂಕಿನವರು ಎಳೆಯುತ್ತಲೇ ಇದ್ದರು. ಮಾವನೇ ಕೂಗುತ್ತಿದ್ದರೆ ಅಲ್ಲೇ ಇನ್ನೊಂದು ಬೈದು ಸರಿ ಮಾಡುತ್ತಿದ್ದರು. ಟೇಪಿಗೆ ಅದು ಗೊತ್ತೇ? ಅದು ತನ್ನ ಪಾಡಿಗೆ ಮುಂದಿನ ಸಾಲಿಗೆ ಹೋಯಿತು. ಬೆಂಡುಗಳ ಸಾಲು ಓರೆಯಾಯಿತು. ಮತ್ತೆ, ಬಿಸಿಲಿನಿಂದ ಬಂದ ಶಕ್ತಿ ಬಿಸಿಲಿಗೇ ಹೋಯಿತು. ಮಾವನ ಧ್ವನಿ ದಪ್ಪವಾಯಿತು, ಎಳೆಯಿತು, ನಿದ್ದೆ ಬಂದವರ ಹಾಗೆ ಆಯಿತು. ಎಳೆಯುವವರೂ ಅದರೊಂದಿಗೆ ನಿಧಾನವಾದರು. ಕೊನೆಗೊಂದು "ಹೂಂ..." ಎಂದು ಎಮ್ಮೆ ಕೂಗಿದಂತಾಗಿ ನಿಂತೇ ಹೋಯಿತು.

ಯಾರೂ ನಗಲಿಲ್ಲ ಆಗ. ಬಲೆಯೊಳಗೆ ನೀರು ಕುದಿಯುವಂತೆ ಮೀನು ಹಾರುತ್ತಿತ್ತು. ಓರೆಯಾದ ಕಡೆಯಿಂದ ಬೆಳ್ಳಿಯ ಹಾಗೆ ಹೊರಕ್ಕೆ ಜಾರುವುದು ನನಗೂ ಕಂಡಿತು. ಮುತ್ತಣ್ಣ ಹಗ್ಗ ಬಿಟ್ಟು ತಲೆಗೆ ಕೈ ಇಟ್ಟರು. ಮಾವ ಬೈರಾಸು ಕಿತ್ತು ಬಾಯಿ ತೆರೆದರು, ಬರೀ ಗಾಳಿ ಬಂತು.

ಅತ್ತಿಗೆ ರೆಕಾರ್ಡರನ್ನು ನನ್ನ ಕೈಗೆ ಕೊಟ್ಟಳು. ಸೆರಗು ಬಿಗಿದಳು. ಎರಡು ಹಗ್ಗದ ನಡುವೆ, ಮಾವ ನಿಲ್ಲುವ ಜಾಗಕ್ಕೇ ಹೋಗಿ, ಸಮುದ್ರಕ್ಕೆ ಮುಖ ಮಾಡಿ ಕಣ್ಣು ಮುಚ್ಚಿದಳು. ಅವಳ ಬಾಯಿಂದ ದೊಡ್ಡ ಧ್ವನಿ ಬಂದದ್ದನ್ನು ನಾನು ಕೇಳಿರಲೇ ಇಲ್ಲ. ಅವಳೂ ಕೇಳಿರಲಿಲ್ಲ.

"ತೆಂಕ್ ನಿಲ್ಲ್!"

ತೆಂಕಿನವರು ಗಕ್ಕನೆ ನಿಂತರು. ನಿಂತದ್ದು ಆಜ್ಞೆಗೋ ಆಶ್ಚರ್ಯಕ್ಕೋ ಹೇಳಲಾರೆ.

"ಗುಡ್ಡಂಗೆ ಎರಡ್ ಮಕ್ಳ್!"

ಆಮೇಲೆ ಬಡಗಿನಿಂದ ಹತ್ತಾರು ಗಂಟಲು: "ಹೋಯ್ಲೇ!"

"ಹಗ್ಗ ಹಿಡುಕೆ ಬಲ ಇಲ್ಲೆ!"

"ಹೋಯ್ಲೇ!"

"ಮುತ್ತಣ್ಣ ಎಳುದ್ ಹಗ್ಗ ಅಲ್ಲ!"

"ಹೋಯ್ಲೇ!"

"ಸೊಂಟದ್ ಪಂಚಿ ಮೇಲೆ ಮೇಲೆ!"

ಹೋಯ್ಲೇ ಎಂದು ಇಡೀ ದಂಡೆ ಜಗ್ಗಿತು. ಮುತ್ತಣ್ಣ ಬಿಟ್ಟ ಹಗ್ಗವನ್ನು ಹಲ್ಲು ಕಚ್ಚಿ ಹಿಡಿದರು. ಗಂಟೆಯ ಧ್ವನಿಯಲ್ಲ ಅವಳದ್ದು. ಸ್ವಲ್ಪ ಒಡಕು, ತೆಳು, ಆದರೆ ಗಾಳಿಯನ್ನು ಸೂಜಿಯ ಹಾಗೆ ತೂರಿ ಎರಡೂ ತುದಿಗೆ ಹೋಗುತ್ತಿತ್ತು. ಅಪ್ಪ ಎಲ್ಲಿ ಉಸಿರು ಬಿಡುತ್ತಿದ್ದರೋ ಅಲ್ಲೇ ಬಿಟ್ಟಳು, ಎಲ್ಲಿ ಕಾಯುತ್ತಿದ್ದರೋ ಅಲ್ಲೇ ಕಾದಳು. ಕಣ್ಣು ತೆರೆಯಲೇ ಇಲ್ಲ. ಬಲಗಡೆ ಮುಂದಾದರೆ ಬಲಗಡೆಯವರನ್ನು ಹಿಡಿದು ನಿಲ್ಲಿಸಿದಳು, ಎಡಗಡೆ ಸೋತರೆ ಎಡಗಡೆಯವರ ಮರ್ಯಾದೆ ತೆಗೆದಳು. ಬೆಂಡಿನ ಸಾಲು ನೆಟ್ಟಗಾಯಿತು. ಚಂದನಾ ನನ್ನ ಸೊಂಟದ ಮೇಲೆ ತಾಳಕ್ಕೆ ಸರಿಯಾಗಿ ಕುಪ್ಪಳಿಸತೊಡಗಿದಳು. ಅತ್ತಿಗೆಯ ಕಾಲ ಮೇಲೆ ತೂಗಿಸಿಕೊಂಡವಳಲ್ಲವೇ.

ಒಂದಷ್ಟು ಮೀನು ಹೋದದ್ದು ಹೋಯಿತು. ಬಂದದ್ದನ್ನು ಬುಟ್ಟಿಗೆ ತುಂಬಲು ನಾನೂ ಇಳಿಯಬೇಕಾಯಿತು, ಮಗುವನ್ನು ಮಗುಚಿದ ದೋಣಿಯ ನೆರಳಲ್ಲಿ ಮಾವನ ಹತ್ತಿರ ಬಿಟ್ಟು.

ಕೆಲಸ ಮುಗಿದ ಮೇಲೆ ಮುತ್ತಣ್ಣ ಪಂಚೆ ಸರಿ ಮಾಡುತ್ತಾ ಅತ್ತಿಗೆಯ ಮುಂದೆ ಬಂದು ನಿಂತರು. "ಹೆಂಗ್ಸ್ ಕೂಗುದ್ ಎಲ್ಲೂ ಕೇಂಡದ್ದಿಲ್ಲೆ," ಎಂದರು.

"ನೀವ್ ಕೂಗಿದ್ದ್ ಎಲ್ಲರೂ ಕೇಂಡಿದ್ರ್," ಎಂದಳು ಅತ್ತಿಗೆ, ಮತ್ತೆ ತನ್ನ ಮೆಲ್ಲನೆ ಧ್ವನಿಯಲ್ಲಿ.

ಮುತ್ತಣ್ಣನಿಗೂ ನಗು ಬಂತು. "ಪಂಚಿ ಸುದ್ದಿ ಮಾತ್ರ ಇನ್ ಬೇಡ. ನಾಡಿದ್ದ್ ಬಲೆ ಬಿಡುದ್, ಬೇಗ ಬಾ."

ಬಲೆ ಮಾರುವ ಮಾತು ಅಲ್ಲಿಗೆ ನಿಂತಿತು. ಆ ಸಂಜೆ ಅದನ್ನು ಹೊಯಿಗೆಯ ಮೇಲೆ ಹರಡಿ ಹರಿದ ಕಡೆ ಹೊಲಿಯಲು ಕೂತವರಲ್ಲಿ ಮಾವ ಎಲ್ಲರಿಗಿಂತ ಮುಂದೆ.

ಆವತ್ತಿನ ಕೂಗಿನ ಟೇಪು ಇಲ್ಲ. ಸೆಲ್ಲೇ ಸತ್ತಿತ್ತಲ್ಲ. ಅದಕ್ಕೇ ಈಗ ಆ ಕೆಲಸ ನನ್ನದಾಗಿದೆ. ಅತ್ತಿಗೆ ಕೂಗುವಾಗ ಹಳದಿ ಟೊಪ್ಪಿಯ ಮೈಕು ಹಿಡಿದು, ಬಾತುಕೋಳಿಯನ್ನು ಕಿವಿಗೆ ಒತ್ತಿ, ಬಳೆ ಬಿಚ್ಚಿ, ಉಸಿರು ಹಿಡಿದು ನಾನು ನಿಲ್ಲುತ್ತೇನೆ. ಸೆಲ್ ಮಾತ್ರ ಹೊಸದು. ಬಿಸಿಲಿನ ವಿದ್ಯೆ ಟಾರ್ಚಿಗೆ ಸಾಕು.

ಇದನ್ನು ಬರೆಯಲು ಕೂತದ್ದಕ್ಕೆ ಕಾರಣ ಇವತ್ತು ಮಧ್ಯಾಹ್ನ ನಡೆದದ್ದು. ಚಂದನಾಗೆ ಈಗ ಮೂರು ತುಂಬುತ್ತಾ ಬಂತು. ಅಂಗಳದಲ್ಲಿ ನನ್ನ ಹಳೇ ಸೀರೆಯನ್ನು ತೆಂಗಿನ ಬುಡಕ್ಕೆ ಸುತ್ತಿ ಎಳೆಯುತ್ತಾ, "ಅಜ್ಜಂಗೆ ಹಲ್ಲಿಲ್ಲೇ! ಹೋಯ್ಲೇ!" ಎಂದು ಶುರು ಮಾಡಿದಳು. ನನಗೆ ಜೀವ ಹೋಯಿತು. ಬಲೆ ಕೊಟ್ಟಿಗೆಯಲ್ಲಿ ಒಣಗುತ್ತಿದೆ, ಮಾವ ಜಗಲಿಯಲ್ಲೇ ಕೂತಿದ್ದಾರೆ. ಓಡಿ ಬಾಯಿ ಮುಚ್ಚಿಸೋಣ ಎನ್ನುವಷ್ಟರಲ್ಲಿ ಮಾವ ಎದ್ದರು. ಕೊಟ್ಟಿಗೆಗೆ ಹೋದರು. ಬಲೆ ಹೊಲಿದು ಉಳಿದ ಒಂದು ಅಂಗೈಯಗಲದ ತುಂಡು ತಂದರು. ನಾನು ಬಾವಿಯಿಂದ ಸೇದಿ ಇಟ್ಟಿದ್ದ ಕೊಡಪಾನಕ್ಕೆ ಅದನ್ನು ಇಳಿಬಿಟ್ಟರು. ಅದು ಪೂರ್ತಿ ಮುಳುಗಿತೇ ಎಂದು ಬಾಗಿ ನೋಡಿದರು.

ಆಮೇಲೆ ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದ್ದಷ್ಟು ಗಂಟಲಿನಲ್ಲಿ ಪಿಸುಗುಟ್ಟಿದರು:

"ಈಗ ಬಲೆ ನೀರಂಗಿತ್ತ್. ಕೂಗ್ ಮಗಾ."